ಬೇರಿಂಗಕ್ಕ ಬಿಚ್ಚಿದ ಹಳೇ ಇಂಜಿನ್

ಮದುವೆಯಾಗಿ ಬಂದಾಗ ಅವಳಿಗೆ ಬರುತ್ತಿದ್ದುದು ಹೊಲಿಗೆಯೊಂದೇ. ಗಂಡನ ಗ್ಯಾರೇಜಿಗೆ ಅಂಟಿದ ಕೋಣೆಯಲ್ಲಿ ಕೂತು ಅಂಗಿ ಹೊಲಿಯುತ್ತಿದ್ದಳು. ಒಂದು ದಿನ ಗಂಡ ಇಂಜಿನ್ನಿನ ಬೇರಿಂಗ್ ಚಿಪ್ಪೊಂದನ್ನು ಬೆಳಕಿಗೆ ಹಿಡಿದು, "ನುಣ್ಣಗಿದೆ, ಇನ್ನೂ ಹತ್ತು ವರ್ಷ ಬರುತ್ತೆ" ಎಂದ.

ಅವಳು ಅದರ ಮೇಲೆ ಉಗುರಾಡಿಸಿದಳು. "ಎಲ್ಲಿ ನುಣ್ಣಗಿದೆ ರೀ? ಇಲ್ಲಿ ಉಗುರು ಸಿಕ್ಕಿಕೊಳ್ತಿದೆ."

ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಷ್ಟು ಗೀರು! ಅಂದಿನಿಂದ ಇಂಜಿನ್ ಬಿಚ್ಚುವ ಕೆಲಸ ಅವಳ ಪಾಲಿಗೆ ಬಂತು. ಹೊಲಿಗೆ ಯಂತ್ರ ಮೂಲೆ ಸೇರಿತು. ಊರಿಗೆಲ್ಲ ಅವಳು ಬೇರಿಂಗಕ್ಕನಾದಳು.

ಇಪ್ಪತ್ತು ವರ್ಷಗಳ ಮೇಲೆ ಒಂದು ಬೆಳಿಗ್ಗೆ, ಕೆಲಸದಿಂದ ನಿವೃತ್ತರಾದ ನರ್ಸಮ್ಮ ತಮ್ಮ ತಂದೆಯ ಕಾರನ್ನು ಎಳೆಸಿಕೊಂಡು ಬಂದರು. ಮಗಳ ಮದುವೆ ಮುಗಿದ ಮೇಲೆ ತಂದೆ ಅದನ್ನು ಇದ್ದಕ್ಕಿದ್ದಂತೆ ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಿದ್ದರು. ಕಾರಣದ ಬಗ್ಗೆ ಸಾಯುವವರೆಗೂ ಬಾಯಿ ಬಿಟ್ಟಿರಲಿಲ್ಲ.

"ಎಲ್ರೂ ಗುಜರಿಗೆ ಹಾಕಿ ಅಂತಾರೆ ಕಣಮ್ಮ. ನಂಗೂ ಎಪ್ಪತ್ತಾಯ್ತು, ನನ್ನನ್ನೂ ಹಾಕ್ತಾರಾ?"

"ಮೊದಲು ಹೊಟ್ಟೆ ಬಿಚ್ಚಿ ನೋಡೋಣ ಅಮ್ಮಾ."

"ಸಾವಿರ ಹೆರಿಗೆ ಮಾಡಿಸಿದೋಳು ನಾನು. ಇಲ್ಲೇ ಕೂತಿರ್ತೀನಿ" ಎಂದು ನರ್ಸಮ್ಮ ಸ್ಟೂಲ್ ಎಳೆದುಕೊಂಡರು.

ಬೇರಿಂಗಕ್ಕ ಕಾರಿನಡಿ ನುಸುಳಿ, ಆಯಿಲ್ ಇಳಿಸಿ, ತಳದ ಚೇಂಬರ್ ಬಿಚ್ಚಿದಳು. ಪಿಸ್ಟನ್ನಿನ ಮೊದಲೆರಡು ರಾಡುಗಳ ಚಿಪ್ಪುಗಳು ಸವೆದಿದ್ದವು, ಅಷ್ಟೇ. ಮೂರನೆಯದರಲ್ಲಿ ಚಿಪ್ಪೇ ಇರಲಿಲ್ಲ! ಅದರ ಜಾಗದಲ್ಲಿ ಕರಿಕಂದು ಪಟ್ಟಿಯೊಂದು ಸುತ್ತಿಕೊಂಡಿತ್ತು. ಮೆಲ್ಲಗೆ ಎಳೆದಳು. ಚರ್ಮ. ಅದರಲ್ಲಿ ಸಾಲಾಗಿ ಎರಡು ತೂತು.

"ಅಮ್ಮಾ, ಇದು ಸೊಂಟದ ಬೆಲ್ಟು!"

ನರ್ಸಮ್ಮ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು.

"ನನ್ನ ಮದುವೆ ದಿನ ಅಪ್ಪ ಒಂದು ಗಂಟೆ ತಡವಾಗಿ ಬಂದ್ರು, ಒಂದು ಕೈಯಲ್ಲಿ ಪ್ಯಾಂಟು ಹಿಡ್ಕೊಂಡು! ಬೆಲ್ಟೂ ಮರೆತ್ರಾ ಅಂತ ಎಲ್ರೂ ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಆವತ್ತು ದಾರೀಲಿ ಇಂಜಿನ್ ಕೈಕೊಟ್ಟಿದೆ. ಬೆಲ್ಟು ಕೊಯ್ದು ಇದಕ್ಕೆ ತುರುಕಿ, ತೆವಳಿಸ್ಕೊಂಡು ಬಂದಿದ್ದಾರೆ. 'ನನ್ನ ಕಾರು ಕೆಡೋದೇ ಇಲ್ಲ' ಅಂತ ಜಂಬ ಕೊಚ್ಚಿಕೊಳ್ತಿದ್ದ ಮನುಷ್ಯ, ಹೇಗೆ ಹೇಳ್ತಾರೆ ಪಾಪ!" ಬೆಲ್ಟನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡರು. "ನಂಗೋಸ್ಕರ ಬಂದ್ರು ನೋಡು."

ಬೇರಿಂಗಕ್ಕ ಕೈಯೊರೆಸಿಕೊಳ್ಳುವ ನೆಪದಲ್ಲಿ ಎದ್ದು ಹೋದಳು.

ಆ ಚಿಪ್ಪುಗಳೊಳಗೆ ತಿರುಗುವ ಕ್ರ್ಯಾಂಕ್ ದಂಡದಲ್ಲೂ ಗೀರಿತ್ತು, ಅದನ್ನು ಲೇತಿನವನು ಉಜ್ಜಿಕೊಟ್ಟ. ಅದಕ್ಕೆ ಹೊಂದುವ ಚಿಪ್ಪು ಹುಡುಕಲು ಮೂರು ವಾರ ಹಿಡಿಯಿತು. ಜೋಡಿಸಿ ತಿರುಗಿಸಿದರೆ ಕ್ರ್ಯಾಂಕ್ ಜಪ್ಪಯ್ಯ ಅನ್ನಲಿಲ್ಲ. ಬೇರಿಂಗಕ್ಕ ಎಲ್ಲವನ್ನೂ ಮತ್ತೆ ಬಿಚ್ಚಿ, ಒಂದೊಂದೇ ಚಿಪ್ಪಿನ ಬೆನ್ನು ಸವರಿದಳು. ಒಂದರ ಹಿಂದೆ ಲೋಹದ ಸಣ್ಣ ಚೂರು ಕೂತಿತ್ತು.

"ಬಿಗಿಯಾದ್ರೆ ಉಸಿರು ಕಟ್ಟುತ್ತೆ, ಸಡಿಲಾದ್ರೆ ಬಡ್ಕೊಳ್ಳುತ್ತೆ. ಅಂಗಿ ಥರಾನೇ ರೀ" ಎಂದು ಗಂಡನಿಗೆ ಹೇಳಿ, ಒರೆಸಿ ಕೂರಿಸಿದಳು.

ಈ ಸಲ ಕ್ರ್ಯಾಂಕ್ ಬೆಣ್ಣೆಯಂತೆ ತಿರುಗಿತು. ಇಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ನರ್ಸಮ್ಮ ಸ್ಟೇರಿಂಗ್ ಹಿಡಿದರು. ಬೇರಿಂಗಕ್ಕ ಸೀಟಿಗೆ ಪೇಪರ್ ಹಾಸಿ ಪಕ್ಕದಲ್ಲಿ ಕೂತಳು. ಬೀದಿಯ ಕೊನೆಯಲ್ಲಿ ನರ್ಸಮ್ಮ ಗೇರಿನ ಮೇಲೆ ಕೈಯಾಡಿಸಿ, "ಹಿಂದಕ್ಕೆ ಹೋಗೋದು ಯಾವ ಕಡೆನೋ ಮರೆತೇಹೋಯ್ತು ಕಣೇ" ಎಂದರು.

"ಹಾಗಾದ್ರೆ ಮುಂದಕ್ಕೇ ಬಿಡಿ ಅಮ್ಮಾ!"

ಇಬ್ಬರೂ ಮಾರುಕಟ್ಟೆ ಸುತ್ತಿಕೊಂಡು ಬಂದಾಗ ಮಧ್ಯಾಹ್ನವಾಗಿತ್ತು. ಊಟಕ್ಕೆ ಕಾದಿದ್ದ ಗಂಡ ಗ್ಯಾರೇಜಿನ ಬಾಗಿಲಲ್ಲೇ ತೂಕಡಿಸುತ್ತಿದ್ದ.