ಓದದೆ ಕೈ ಎತ್ತಬೇಡಿ ಎಂದ ನರ್ಸಮ್ಮ

ನರ್ಸಮ್ಮನ ಗಡಿಯಾರ ಕೈಯಲ್ಲಿರುತ್ತಿರಲಿಲ್ಲ. ಸೀರೆಯ ಸೆರಗು ಭುಜಕ್ಕೇರುವ ಜಾಗದಲ್ಲಿ, ಎದೆಯ ಎಡಕ್ಕೆ, ಒಂದು ಪಿನ್ನಿನಿಂದ ತಲೆಕೆಳಗಾಗಿ ತೂಗುತ್ತಿತ್ತು. ಎದುರಿಗೆ ಕೂತವರಿಗೆ ಹನ್ನೆರಡು ಕೆಳಗೆ, ಆರು ಮೇಲೆ. ಅವರು ಗಲ್ಲ ತಗ್ಗಿಸಿ ನೋಡಿದರೆ ಮಾತ್ರ ಹೊತ್ತು ಸರಿಯಾಗಿ ಕಾಣಿಸುತ್ತಿತ್ತು. ರೋಗಿಯನ್ನು ಮುಟ್ಟುವ ಕೈಯಲ್ಲಿ ಏನೂ ಇರಬಾರದು ಎಂದು ಕಲಿತವರು ನಿವೃತ್ತಿಯಾಗಿ ಇಪ್ಪತ್ತು ವರ್ಷ ಕಳೆದರೂ ಬಳೆ ತೊಟ್ಟಿರಲಿಲ್ಲ. ಉಗುರುಗಳನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿರುತ್ತಿದ್ದರು.

ಆಗ ನಾನು ಬಂಗಾರಪೇಟೆಯಲ್ಲಿ ಸಂಸದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಬಂದ ಅರ್ಜಿಗಳಿಗೆ ಮುದ್ರೆ ಒತ್ತಿ, ವಿಷಯದ ಪ್ರಕಾರ ಬೇರೆ ಮಾಡಿ ಇಡುವುದು ನನ್ನ ಕೆಲಸ. ಆಸ್ಪತ್ರೆಗೆ ಶಿಫಾರಸು, ಶಾಲೆಯ ಸೀಟು, ವರ್ಗಾವಣೆ, ರಸ್ತೆ ದೀಪ. ಬರುವವರಿಗೆಲ್ಲ ತಮ್ಮದೊಂದು ತೊಂದರೆ ಇರುತ್ತಿತ್ತು. ಮುಚ್ಚಿದ ಚಿನ್ನದ ಗಣಿಗಳಿರುವ ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಇಳಿದು ಬಂದ ಈ ಮುದುಕಿಯ ಕೈಯಲ್ಲಿ ಮಾತ್ರ ದಪ್ಪನೆಯದೊಂದು ಕಾಗದದ ಕಟ್ಟಿತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು: "ನಿಮ್ ಸಾಹೇಬ್ರು ಇದನ್ನ ಓದವ್ರಾ?"

ಅದು ಲೋಕಸಭೆಯಲ್ಲಿ ಮಂಡನೆಯಾಗಿದ್ದ ಒಂದು ಮಸೂದೆ. ಮುಚ್ಚಿದ ಗಣಿಗಳ ಜಮೀನು, ಅಲ್ಲಿ ಸುರಿದಿರುವ ಮಣ್ಣಿನ ಗುಡ್ಡಗಳು, ಅವುಗಳ ಸುತ್ತಲ ಮನೆಗಳು, ಎಲ್ಲದಕ್ಕೂ ಸಂಬಂಧಪಟ್ಟದ್ದು. ಹಳೆಯ ನಾಲ್ಕಾರು ಕಾಯ್ದೆಗಳನ್ನು ಒಟ್ಟಿಗೆ ತಿದ್ದುವ ದೊಡ್ಡ ಮಸೂದೆ. ಇಂಗ್ಲಿಷಿನಲ್ಲಿತ್ತು. ಅಂಚಿನ ತುಂಬ ಅವರು ಪೆನ್ಸಿಲಿನಲ್ಲಿ ಸಣ್ಣಕ್ಷರದ ಟಿಪ್ಪಣಿ ಬರೆದಿದ್ದರು.

"ನಿಮಗೇನಾಗಬೇಕಿತ್ತಮ್ಮ?" ಎಂದೆ.

"ನಂಗೇನೂ ಬ್ಯಾಡ. ಇದು ಬ್ಯಾಡ ಅಂತಾನೂ ನಾನು ಅನ್ನಲ್ಲ. ಸಮಿತಿಗೆ ಕಳ್ಸಿ ಅಂತ ನಿಮ್ ಸಾಹೇಬ್ರು ಎದ್ದು ನಿಂತು ಒಂದ್ ಮಾತಾಡ್ಲಿ. ಅಲ್ಲಿ ಕೂತ್ಕಂಡು ಸಾಲು ಸಾಲು ಓದ್ತಾರಂತೆ. ನಮ್ಮಂಥೋರ್ನ ಕರ್ದು ಕೇಳ್ತಾರಂತೆ."

ಕಟ್ಟಿನ ಜೊತೆಗಿದ್ದ ಅರ್ಜಿಗೆ ಮುದ್ರೆ ಒತ್ತಿ ಅವರನ್ನು ಕಳಿಸಿದೆ. 'ಇತರೆ' ಎಂದು ಬರೆದ ಕಡತಕ್ಕೆ ಹಾಕಿದೆ. ಮುಂದಿನ ವಾರ ಅವರು ಮತ್ತೆ ಬಂದರು. ಅದರ ಮುಂದಿನ ವಾರವೂ ಬಂದರು. ಮೂರನೆಯ ಸಲ ನನ್ನ ಮುಂದೆ ಒಂದು ಪುಟ ತೆರೆದು, ಒಂದು ಉಪಕಲಮಿನ ಕೆಳಗೆ ಬೆರಳಿಟ್ಟರು. ಇಂತಿಂಥ ಜಮೀನಿನಲ್ಲಿ ವಾಸವಿರುವವರಿಗಾಗಿ ಕಚೇರಿಯ ಫಲಕದಲ್ಲಿ ಸೂಚನೆ ಹಾಕಿದ ಮೇಲೆ, ಅವರ ಅಹವಾಲನ್ನು ಆಲಿಸಲಾಗಿದೆ ಎಂದೇ ಭಾವಿಸತಕ್ಕದ್ದು. ನಾನು ಎರಡು ಸಲ ಓದಿದೆ. ಬೆನ್ನ ಹಿಂದೆ ಯಾರೋ ಬಾಗಿಲು ಹಾಕಿಕೊಂಡು ಹೋದ ಹಾಗೆ ಅನಿಸಿತು.

"ನಾನು ಬಾಯೇ ಬಿಟ್ಟಿರಲ್ಲ. ಆದ್ರೂ ನನ್ ಮಾತು ಕೇಳಾಯ್ತು ಅಂತ ಬರ್ಕೋಬೋದು. ಎಂಗದೆ?" ಎಂದು ನರ್ಸಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

ಹಾಗೆ ನಾನು ಅದೇ ರೈಲುದಾರಿಯ ಊರಿಗಾಮಿನಲ್ಲಿದ್ದ ಅವರ ಮನೆಗೆ ಹೋಗತೊಡಗಿದೆ. ಎರಡು ಭಾನುವಾರ ಕೂತು ಆ ಮಸೂದೆಯ ಮುಖ್ಯ ಭಾಗಗಳನ್ನು ಕನ್ನಡಕ್ಕೆ ಇಳಿಸಿದೆವು. ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಒಂದು, ಒಂದು ಕೋಣೆ, ಒಂದು ಒಲೆಮನೆ. ಗಾಳಿ ಬೀಸುವ ತಿಂಗಳುಗಳಲ್ಲಿ ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ಗುಡ್ಡದಿಂದ ಬಿಳಿಯ ಧೂಳೆದ್ದು ಮನೆಯೊಳಗೆ ಬಂದು ಕೂರುತ್ತಿತ್ತು. ಗಾಳಿ ಎದ್ದ ತಕ್ಷಣ ಅವರು ಹಳೆಯ ಪಂಚೆಯೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ ಕಿಟಕಿಗೆ ಕಟ್ಟುತ್ತಿದ್ದರು. ನಂತರ ಕೈ ತೊಳೆದು ಬಂದು ಕಾಗದ ಮುಟ್ಟುತ್ತಿದ್ದರು. ಅವರ ಇಂಗ್ಲಿಷ್ ಗಣಿಯ ಆಸ್ಪತ್ರೆಯದು, ಕನ್ನಡ ಬಂಗಾರಪೇಟೆ ಪಕ್ಕದ ತವರೂರಿನದು. ನೆರೆಯವರೊಡನೆ ತಮಿಳು. ತುಂಬ ಸಿಟ್ಟು ಬಂದಾಗ ಮಾತ್ರ ತೆಲುಗು.

ಒಂದು ಪದ ಅರ್ಥವಾಗದಿದ್ದರೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. "ಏನೋ ಇರ್ಬೋದು ಅನ್ಬ್ಯಾಡ. ಏನು ಅಂತ ನೋಡು," ಎನ್ನುತ್ತಿದ್ದರು. ಬೇಸತ್ತು ನಾನೊಮ್ಮೆ ಪುಟ ಹಾರಿಸಿದಾಗ ನನ್ನ ಕೈ ಹಿಡಿದರು. "ನಾವು ಒಂದ್ ಸೂಜಿಗೆ ಮೂರು ಸಲ ಲೇಬಲ್ ಓದ್ತಿದ್ವಿ ಕಣಮ್ಮ. ಬಾಟ್ಲು ತಗೋವಾಗ ಒಂದ್ಸಲ, ಔಷಧಿ ಎಳ್ಕೋವಾಗ ಒಂದ್ಸಲ, ಬಾಟ್ಲು ವಾಪಸ್ ಇಡ್ವಾಗ ಒಂದ್ಸಲ. ಪಾರ್ಲಿಮೆಂಟಲ್ಲೂ ಮೂರು ಸಲ ಓದ್ಬೇಕು ಅಂತ್ಲೇ ಇರೋದಂತೆ. ಒಬ್ಬ ರೋಗಿಗೆ ಅಷ್ಟು ನೋಡ್ತಿದ್ವಿ. ಇದು ದೇಶಕ್ಕೆಲ್ಲ ಆಕೋ ಸೂಜಿ."

ಆ ಎರಡನೆಯ ಭಾನುವಾರವೇ ನಾನು ಬೀದಿಯ ತುದಿಯಲ್ಲಿ ಅಪರಿಚಿತರನ್ನು ನೋಡಿದ್ದು. ಮೂರು ಕಾಲಿನ ಯಂತ್ರವಿಟ್ಟುಕೊಂಡು ನೋಡುತ್ತಿದ್ದರು. ಒಬ್ಬ ಅಲ್ಲಲ್ಲಿ ಕಬ್ಬಿಣದ ಗೂಟ ಬಡಿದು ತಲೆಗೆ ಕೆಂಪು ಬಣ್ಣ ಬಳಿಯುತ್ತಿದ್ದ. ಯಾತಕ್ಕೆ ಎಂದು ನಾನು ಕೇಳಿದೆ. "ಸುಮ್ನೆ ಅಳತೆ, ಮೇಡಂ," ಎಂದ. ಮಸೂದೆ ಇನ್ನೂ ಸದನದಲ್ಲಿ ಚರ್ಚೆಗೇ ಬಂದಿರಲಿಲ್ಲ.

ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳ ಗಂಡ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುವವನು. "ನರ್ಸಮ್ಮ, ನೀವ್ಯಾಕೆ ಅಡ್ಡ ಆಕ್ತೀರ? ಗುಡ್ಡದ್ ಮಣ್ಣಿಂದ ಮತ್ತೆ ಚಿನ್ನ ತೆಗೀತಾರಂತೆ, ಇಲ್ಲೇ ಕೆಲ್ಸ ಕೊಡ್ತಾರಂತೆ. ನಮ್ಮೋರು ಆ ರೈಲಲ್ಲಿ ನಿಂತು ನಿಂತು ಸಾಯ್ತಾವ್ರೆ."

"ಕೆಲ್ಸ ಬರ್ಲಿ ಕಣೇ, ನಂಗೂ ಬೇಕು. ಯಾವ ಸಾಲಲ್ಲಿ ಅಂಗೆ ಬರ್ದವ್ರೆ ತೋರ್ಸು. ನಾನು ಈಗ್ಲೇ ಅರ್ಜಿ ಹರ್ದಾಕ್ತೀನಿ."

ಅವಳು ಒಳಗೆ ಹೋದಳು. ಮಸೂದೆಯಲ್ಲಿ ಕೆಲಸ ಎಂಬ ಪದ ಮುನ್ನುಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಸಂಸದರು ಕಚೇರಿಗೆ ಬಂದದ್ದು ಒಂದು ಶನಿವಾರ. ನರ್ಸಮ್ಮ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕಾದಿದ್ದರು. ಅವರ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಸಾಹೇಬರು ಎದ್ದು ಕೈ ಮುಗಿದರು, ಕುರ್ಚಿ ಎಳೆದು ಕೊಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಅಮ್ಮ, ನಮ್ಮ ಕೈಲಿ ಏನಿದೆ? ಹೀಗೇ ಮತ ಹಾಕಿ ಅಂತ ಪಕ್ಷದಿಂದ ವಿಪ್ ಬರುತ್ತೆ. ಬಂದ್ರೆ ಕೈ ಎತ್ತಬೇಕು."

"ಕೈ ಎತ್ತೋಕೆ ಮುಂಚೆ ಬಾಯದೆ, ಕಣ್ಣದೆ ಅಲ್ವೇನಪ್ಪ," ಎಂದರು ನರ್ಸಮ್ಮ. "ಓದ್ದೇ ಎತ್ಬ್ಯಾಡಿ ಅಂತೀನಿ ಅಷ್ಟೆ. ಸಮಿತಿಗೆ ಓಗ್ಲಿ ಅಂತ ಕೇಳೋದ್ರಲ್ಲಿ ಯಾವ್ ಪಕ್ಷಕ್ಕೆ ನಷ್ಟ?"

ಸಾಹೇಬರು ಮೇಜಿನ ಗಾಜಿನ ಮೇಲೆ ಬೆರಳಾಡಿಸಿದರು. ನನ್ನತ್ತ ತಿರುಗಿ, "ಇವರು ಹೇಳಿದ್ದನ್ನೆಲ್ಲ ಒಂದು ಪುಟಕ್ಕೆ ಇಳಿಸಿ ಸೋಮವಾರದೊಳಗೆ ನನಗೆ ದೆಹಲಿಗೆ ಕಳಿಸಮ್ಮ. ಮಾತಾಡ್ತೀನಿ," ಎಂದರು. ನರ್ಸಮ್ಮನ ಮುಖದಲ್ಲಿ ನಾನು ಆ ತನಕ ಕಾಣದ ಒಂದು ನಗು ಬಂತು. ಅವರನ್ನು ನಿಲ್ದಾಣದವರೆಗೂ ಬಿಟ್ಟು ಬಂದೆ.

ನಾನು ವಾಪಸಾಗುವಷ್ಟರಲ್ಲಿ ಸಾಹೇಬರ ಆಪ್ತ ಸಹಾಯಕರು ನನ್ನ ಮೇಜಿನ ಬಳಿ ನಿಂತಿದ್ದರು. "ಅದನ್ನ ಕಳಿಸೋಕೆ ಹೋಗ್ಬೇಡ," ಎಂದರು. ದನಿ ಏರಿಸಲಿಲ್ಲ. "ಇಂಥದ್ದಕ್ಕೆಲ್ಲ ಎದ್ದು ನಿಂತ್ರೆ ಮುಂದಿನ ಸಲ ಅವರಿಗೆ ಟಿಕೆಟ್ ಇರಲ್ಲ. ಅವರಿಲ್ಲದಿದ್ರೆ ನಾನೂ ಇಲ್ಲ, ನೀನೂ ಇಲ್ಲ. ಅರ್ಥ ಆಯ್ತಾ?"

ಒಂದು ಪುಟ ಸಿದ್ಧಮಾಡಿದೆ. ಇಮೇಲಿನಲ್ಲಿ ಅಂಟಿಸಿದೆ. ಕಳಿಸುವ ಗುಂಡಿ ಒತ್ತಲಿಲ್ಲ. ಸೋಮವಾರ ಹೋಯಿತು, ಮಂಗಳವಾರವೂ ಹೋಯಿತು. ಬುಧವಾರ ಬೆಳಿಗ್ಗೆ ನರ್ಸಮ್ಮ ಬಂದು ನಿಂತರು.

"ಓಯ್ತಾ?"

"ಹೋಯ್ತು, ನರ್ಸಮ್ಮ," ಎಂದೆ.

ಅವರು ನನ್ನ ತಲೆ ಸವರಿದರು. ಆ ಬೋಳು ಕೈಯ ಬಿಸುಪು ಈಗಲೂ ನನಗೆ ನೆನಪಿದೆ. ಅದೇ ರೈಲಿನಲ್ಲಿ ವಾಪಸು ಹೋಗಿ, ನಮ್ಮ ಸಾಹೇಬರು ಮಾತಾಡುತ್ತಾರೆ ಎಂದು ಸಾಲುಮನೆಗಳಲ್ಲೆಲ್ಲ ಹೇಳಿದರಂತೆ.

ಗುರುವಾರ ಬೆಳಿಗ್ಗೆ ತಡೆಯಲಾಗದೆ ಗುಂಡಿ ಒತ್ತಿದೆ. ಹನ್ನೆರಡರ ಸುಮಾರಿಗೆ ಕಚೇರಿಯ ಟಿ.ವಿ.ಯಲ್ಲಿ ಸುದ್ದಿ ಬಂತು: ಆ ದಿನದ ಪಟ್ಟಿಯಲ್ಲಿ ಇಲ್ಲದಿದ್ದ ಮಸೂದೆಯನ್ನು ಪೂರಕ ಕಾರ್ಯಸೂಚಿಯಲ್ಲಿ ಸೇರಿಸಿದ್ದಾರೆ. ಊಟದ ನಂತರ ಸದನ ಸೇರಿತು. ಬೇರೆ ಯಾವುದೋ ವಿಷಯಕ್ಕೆ ಗದ್ದಲ ನಡೆದಿತ್ತು; ಫಲಕ ಹಿಡಿದವರು ಮುಂದಕ್ಕೆ ಬಂದು ಕೂಗುತ್ತಿದ್ದರು. ಆ ಕೂಗಿನೊಳಗೇ ಕಲಮುಗಳ ಸಂಖ್ಯೆಗಳನ್ನು ಒಂದರ ಹಿಂದೊಂದು ಓದಲಾಯಿತು. ಕೈ ಎತ್ತುವುದೂ ಬೇಕಾಗಲಿಲ್ಲ, ಧ್ವನಿಮತ. ಕ್ಯಾಮೆರಾ ಒಮ್ಮೆ ಹೊರಳಿದಾಗ ನಮ್ಮ ಸಾಹೇಬರು ಕಂಡರು. ಬಾಯಿ ತೆರೆದದ್ದು ಕಂಡಿತು. ಏನೆಂದರೋ ಕೇಳಿಸಲಿಲ್ಲ. ಮಸೂದೆ ಪಾಸಾಗಲು, ಬಂಗಾರಪೇಟೆಯಿಂದ ಹೊರಟ ರೈಲು ಊರಿಗಾಂ ಮುಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ. ಆಪ್ತ ಸಹಾಯಕರು ಟಿ.ವಿ. ಆರಿಸಿ ಟೀ ತರಿಸಿದರು.

ಭಾನುವಾರ ಊರಿಗಾಮಿಗೆ ಹೋದೆ. ಬೀದಿಯಲ್ಲಿ ಕೆಂಪು ತಲೆಯ ಗೂಟಗಳು ಹೆಚ್ಚಾಗಿದ್ದವು. ಒಂದು ನರ್ಸಮ್ಮನ ಮೆಟ್ಟಿಲಿಗೆ ಒಂದು ಮಾರು ದೂರದಲ್ಲಿತ್ತು. ಅವರು ಒಳಗೆ ಗೋಡೆಗೊರಗಿ ಕೂತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕಳಿಸದೆ ಇಟ್ಟುಕೊಂಡದ್ದು, ಸುಳ್ಳು ಹೇಳಿದ್ದು, ಯಾರ ಭಯಕ್ಕೆ ಎಂಬುದು.

ತೆಲುಗಿನಲ್ಲಿ ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಹಗುರಾಗುತ್ತಿತ್ತು.

"ಕೆಲ್ಸಕ್ಕೆ ಸೇರಿದ್ ಒಸದ್ರಲ್ಲಿ," ಎಂದು ಕೊನೆಗೆ ಶುರುಮಾಡಿದರು, "ನಾನೊಬ್ರಿಗೆ ತಪ್ಪು ಸೂಜಿ ಕೊಟ್ಬಿಟ್ಟೆ. ಎರಡು ಸಲ ಓದಿದ್ದೆ, ಮೂರನೇ ಸಲ ಯಾರೋ ಕರೆದ್ರು ಅಂತ ಓಡ್ದೆ. ಆ ಮನುಷ್ಯಂಗೆ ಎರಡು ದಿನ ಎಚ್ಚರ ಇರ್ಲಿಲ್ಲ. ಬದುಕ್ಕೊಂಡ. ಯಾರೂ ನೋಡಿರ್ಲಿಲ್ಲ. ಮುಚ್ಚಿಡ್ಬೋದಿತ್ತು. ಆಮೇಲೆ ಬಂದೋರು ಗೊತ್ತಿಲ್ದೆ ಇನ್ನೊಂದು ಕೊಟ್ಟಿದ್ರೆ? ಚಾರ್ಟಲ್ಲಿ ನನ್ನೆಸ್ರು ಆಕಿ ಬರ್ದೆ."

ನನ್ನನ್ನು ನೋಡಿದರು. "ನೀನು ಕಳ್ಸಿದ್ರೆ ನಿಂತೋಗ್ತಿತ್ತು ಅಂತ ನಾನನ್ನಲ್ಲ. ಕಳಿಸ್ಲಿಲ್ಲ ಅನ್ನೋದು ಮಾತ್ರ ನಿಂದು. ಅದನ್ನ ಮುಚ್ಬ್ಯಾಡ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಟೀ ಮಾಡಿ ಕೊಟ್ಟರು. ಮುಂದಿನ ವಾರವೇ ಹೊಸ ಕಾಗದ ಹಿಡಿದು ಕಚೇರಿಗೆ ಬಂದರು. ಕಾಯ್ದೆ ಇನ್ನು ಆಗಿಯೇ ಆಗುತ್ತದೆ, ಆಮೇಲೆ ಅದರ ಅಡಿಯಲ್ಲಿ ನಿಯಮಗಳನ್ನು ಮಾಡಬೇಕಲ್ಲ, ಆ ನಿಯಮಗಳನ್ನಾದರೂ ಸದನದ ಸಮಿತಿಯೊಂದು ನೋಡಲಿ, ಸಂಸದರು ಕೇಳಲಿ ಎಂಬುದು ಅದರ ಸಾರ. ಈ ಸಲ ಅದನ್ನು ನಾನು ಆ ಕ್ಷಣವೇ, ಅವರ ಕಣ್ಣೆದುರಿಗೇ ಕಳಿಸಿದೆ.

ಸಾಹೇಬರು ಊರಿಗೆ ಬಂದಾಗ ಅವರಿಗೂ ನಿಜ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ, "ಸೋಮವಾರವೇ ಬಂದಿದ್ರೂ ನಾನು ಓದ್ತಿದ್ನೋ ಇಲ್ವೋ," ಎಂದರು. ಆಮೇಲೆ, "ಅಮ್ಮನಿಗೆ ಇದನ್ನ ಹೇಳ್ಬೇಡ," ಎಂದರು. ಹೇಳಲಿಲ್ಲ. ಅದು ನನ್ನ ತಪ್ಪಲ್ಲದ್ದರಿಂದ ಬಚ್ಚಿಡುವುದು ಸುಲಭವಾಯಿತು. ಕೆಲಸ ಬಿಟ್ಟೆ ಎಂದು ಬರೆಯುವ ಆಸೆಯಿದೆ. ಬಿಡಲಿಲ್ಲ. ಸಾಹೇಬರ ಅವಧಿ ಮುಗಿದಾಗ ಅದೂ ತಾನಾಗಿ ಮುಗಿಯಿತು.

ಅಷ್ಟರೊಳಗೆ ನರ್ಸಮ್ಮನ ಕೆಮ್ಮು ಜೋರಾಗಿತ್ತು. ತಮ್ಮ ಉಸಿರನ್ನು ತಾವೇ ಎಣಿಸಿ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನ ಆಸ್ಪತ್ರೆಗೆ ಹೋಗೋಣ ಎಂದರೆ, "ಏನಾಗ್ತದೆ ಅಂತ ನಂಗೊತ್ತು, ಅವ್ರಿಗೂ ಗೊತ್ತು, ಮಧ್ಯದಲ್ಲಿ ನೀನ್ಯಾಕೆ ಓಡಾಡ್ತೀಯ," ಎಂದರು. ಚಳಿಗಾಲದ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಫೋನ್ ಮಾಡಿದಳು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಸುತ್ತಲ ಗಣಿ ಬಡಾವಣೆಗಳಾದ ಚಾಂಪಿಯನ್ ರೀಫ್ಸಿನಿಂದ, ಮೈಸೂರು ಮೈನ್ಸಿನಿಂದ ಎಲ್ಲ ಜನ ಬಂದಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಹುಟ್ಟಿದಾಗ ಮೊದಲು ಮೈ ಒರೆಸಿದ್ದು ಆಕೆಯ ಕೈಗಳೇ. ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಳುತ್ತಿದ್ದರು.

ಕಳೆದ ತಿಂಗಳು ಅದೇ ಪಕ್ಕದ ಮನೆಯಾಕೆ ಮತ್ತೆ ಫೋನ್ ಮಾಡಿ ಬರಹೇಳಿದಳು. ಬೀದಿಯ ಎಲ್ಲ ಬಾಗಿಲುಗಳ ಮೇಲೂ ಬಿಳಿಯ ಬಣ್ಣದಲ್ಲಿ ಸಂಖ್ಯೆ ಬರೆದಿದ್ದರು. ಬೀಗ ಹಾಕಿದ್ದ ನರ್ಸಮ್ಮನ ಬಾಗಿಲಿನ ಮೇಲೂ ಬರೆದಿದ್ದರು. ಮನೆಗೊಂದು ಕಾಗದದ ಕಟ್ಟು ಕೊಟ್ಟು, ಸಹಿ ಹಾಕಿಸಿಕೊಂಡು ಹೋಗಿದ್ದಾರಂತೆ. ಇಂಗ್ಲಿಷಿನದು.

"ಎಲ್ಲಾರೂ ಸಹಿ ಹಾಕಿದ್ರಾ?" ಎಂದು ಕೇಳಿದೆ.

"ಆಕಿದ್ವಿ," ಎಂದಳು. ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಕೆಲ್ಸದ್ದೇ ಇರ್ಬೇಕು, ಅಲ್ವಾ? ನೀವೊಂದ್ಸಲ ಓದಿ ನೋಡಿ."

ಮೆಟ್ಟಿಲ ಮೇಲೆ ಕೂತೆ. ಒಬ್ಬೊಬ್ಬರೇ ಹೊರಗೆ ಬಂದು ಸುತ್ತ ನಿಂತರು. ಶುರುವಿನಿಂದ, ಒಂದು ಸಾಲೂ ಬಿಡದೆ, ಕನ್ನಡದಲ್ಲಿ ಹೇಳುತ್ತ ಹೋದೆ. ಎರಡನೆಯ ಪುಟದ ಕೊನೆಗೆ, ಸಹಿ ಹಾಕಿದವರ ಅಹವಾಲನ್ನು ಆಲಿಸಲಾಗಿದೆ, ಮನೆ ಬಿಡಲು ಅವರ ಒಪ್ಪಿಗೆಯಿದೆ ಎಂಬ ಸಾಲು ಬಂದಾಗ, ಪಕ್ಕದ ಮನೆಯಾಕೆ ಅದನ್ನು ಇನ್ನೊಮ್ಮೆ ಓದಲು ಹೇಳಿದಳು.