ಮೇಲೆ ಕುಳಿತವಳಿಗೂ ಸಮಪಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬ್ಯಾಡಗಿ ಸ್ಟೇಷನ್ನು ದಾಟಿ ರಾಣೆಬೆನ್ನೂರಿನ ಕಡೆಗೆ ಹೋಗುವ ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ಆರು ಜನ ಹೆಂಗಸರು ಸಾಲಾಗಿ ನಡೆಯುತ್ತಿದ್ದಾರೆ. ಐವರ ಸೊಂಟದಲ್ಲಿ ಕುಡುಗೋಲು, ಹೆಗಲ ಮೇಲೆ ಹಗ್ಗ. ಎಲ್ಲರಿಗಿಂತ ಹಿಂದೆ, ಎಡಗಾಲನ್ನು ಎಳೆದುಕೊಂಡು ಬರುತ್ತಿರುವವರ ಕೈಯಲ್ಲಿ ಕುಡುಗೋಲಿಲ್ಲ. ಚಿಮಣಿ ಎಣ್ಣೆಯ ಹಳೆಯ ಡಬ್ಬಿ ಇದೆ, ಅದನ್ನು ಬಡಿಯಲು ಒಂದು ಕಟ್ಟಿಗೆ ತುಂಡು ಇದೆ.

ಕೊಳ್ಳ ಬರುತ್ತದೆ. ಐವರು ಕಲ್ಲು ಹಿಡಿದು, ಬೇರು ಹಿಡಿದು, ಒಬ್ಬರ ಹಿಂದೊಬ್ಬರು ಕೆಳಗಿಳಿದು ಕಾಣದಾಗುತ್ತಾರೆ. ಡಬ್ಬಿಯವರು ದಂಡೆಯ ಬಂಡೆ ಹತ್ತಿ, ಸೆರಗು ಸರಿಮಾಡಿಕೊಂಡು, ಪಡುವಣದ ಗುಡ್ಡಗಳ ಕಡೆ ಮುಖ ಮಾಡಿ ಕೂರುತ್ತಾರೆ. ಕೂತೇ ಇರುತ್ತಾರೆ. ನಡೆದು ದಣಿದವರು ಒಂದು ಗಳಿಗೆ ಕೂತು ಏಳುತ್ತಾರೆಂದು ನಾನು ಕಾದದ್ದೇ ಬಂತು. ಅದೇ ಅವರ ಕೆಲಸ ಎಂದು ತಿಳಿಯಲು ನನಗೆ ಅರ್ಧ ತಾಸು ಬೇಕಾಯಿತು.

ಹೆಸರು ಜೈತೂನಬಿ. ವಯಸ್ಸು ಐವತ್ತರ ಆಸುಪಾಸು. ಊರವರಿಗೆ 'ಡಬ್ಬಿ ಜೈತೂನಬಿ.' ಕೊಳ್ಳದೊಳಗೆ ಬೆಳೆಯುವ ಈಚಲ ಗರಿ ಕೊಯ್ದು ಕಸಬರಿಗೆ ಕಟ್ಟುವ ಹೆಂಗಸರ ತಂಡದಲ್ಲಿ ಅವರೂ ಒಬ್ಬರು. ಮೆಣಸಿನಕಾಯಿಯ ಸುಗ್ಗಿ ಹತ್ತಿರ ಬಂತೆಂದರೆ ಬ್ಯಾಡಗಿ ಪೇಟೆಯಲ್ಲಿ ಈ ಕಸಬರಿಗೆಗೆ ಎಲ್ಲಿಲ್ಲದ ಬೇಡಿಕೆ. ನೆಲಕ್ಕೆ ಸುರಿದ ಕೆಂಪು ಕಾಯಿಯನ್ನು ನೋಯಿಸದೆ ಗುಡಿಸಲು ಈಚಲ ಕಸಬರಿಗೆಯೇ ಆಗಬೇಕೆಂದು ಅಲ್ಲಿನ ಹಮಾಲರು ಹೇಳುತ್ತಾರೆ. ಕೆಂಪು ಕಾಯಿಯ ಹೊಗಳಿಕೆ ನಮ್ಮ ಪತ್ರಿಕೆಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಕಸಬರಿಗೆಯ ಸುದ್ದಿ ಯಾರಿಗೆ ಬೇಕು?

ಈ ಕೊಳ್ಳ ನೋಡಲು ಅಂಥ ಭಯಂಕರವೇನಲ್ಲ. ಮೂರಾಳು ಆಳ, ಕೆಲವು ಕಡೆ ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಇಕ್ಕಟ್ಟು. ತಳದಲ್ಲಿ ಪಾದ ಮುಳುಗುವಷ್ಟು ನೀರು. ಆದರೆ ಮೇಲೆ ಹತ್ತಿ ಬರಲು ಎರಡೇ ಜಾಗ. ನೀರು ಬರುವುದು ಇಲ್ಲಿನ ಮಳೆಯಿಂದಲ್ಲ, ದೂರದ ಗುಡ್ಡಗಳ ಮಳೆಯಿಂದ. ಇಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಅಲ್ಲಿ ಸುರಿದು, ಹಳ್ಳ ಹೇಳದೆ ಕೇಳದೆ ಬಂದುಬಿಡುತ್ತದೆ. ಅದರಲ್ಲೂ ಗರಿ ಕೊಯ್ಯುವ ಹೊತ್ತಿಗೇ ಬರುವ ಚಿತ್ತಿ ಮಳೆ. ಕುರುಡು ಚಿತ್ತಿ ಎಂದು ಹಿರಿಯರು ಸುಮ್ಮನೆ ಕರೆದಿಲ್ಲ. ಎಲ್ಲಿ ಸುರಿಯುತ್ತೇನೆ ಎಂಬುದು ಅದಕ್ಕೇ ಗೊತ್ತಿರುವುದಿಲ್ಲ.

"ನಿಮ್ಮ ಕೆಲಸ ಏನು ಅಂತ ಬರೆಯಲಿ?" ಎಂದು ಕೇಳಿದೆ.

"ಕುಂದ್ರೂದು ಅಂತ ಬರೀರಿ," ಎಂದರು ನಗುತ್ತ. ಮುಖ ಮಾತ್ರ ಗುಡ್ಡದ ಕಡೆಗೇ ಇತ್ತು. "ಕುಂದ್ರತೇನಿ. ನೋಡತೇನಿ. ದಿಲ್‍ನಾಗ ಖಟಕ್ ಅಂತಂದ್ರ ಡಬ್ಬಿ ಬಡಿತೇನಿ. ಅವರು ಮ್ಯಾಲೆ ಬರ್ತಾರ. ಇಷ್ಟ ನೋಡ್ರಿ."

ಈ 'ಇಷ್ಟ'ದ ಹಿಂದೆ ಹತ್ತು ವರ್ಷದ ಹಿಂದಿನ ಒಂದು ದಿನ ಇದೆ. ಎಂಬತ್ತಾರರ ಮಾತು. ಆಗ ಕೊಳ್ಳಕ್ಕೆ ಇಳಿಯುತ್ತಿದ್ದವರು ನಾಲ್ವರು ಗೆಳತಿಯರು: ಜೈತೂನಬಿ, ಅವರ ಪಕ್ಕದ ಮನೆಯ ಗುತ್ತೆವ್ವ, ಓಣಿಯ ಆಚೆ ತುದಿಯ ಕುಲ್ಸುಮಬಿ, ಮತ್ತು ಮರಿಯವ್ವ. ಗರಿ ಕೊಯ್ಯುವುದಕ್ಕಿಂತ ಅವರಿಗೆ ನಗುವುದೇ ಹೆಚ್ಚಿನ ಕೆಲಸವಾಗಿತ್ತಂತೆ. ಮರಿಯವ್ವನ ಬಾಯಿ ಅಂಥದು. ಯಾರಿಗಾದರೂ ಅಡ್ಡಹೆಸರು ಇಟ್ಟರೆ ಅದು ಮುಗಿಯಿತು, ಗೋರಿಗೆ ಹೋಗುವವರೆಗೂ ಬಿಡುತ್ತಿರಲಿಲ್ಲ.

ಆ ದಿನಕ್ಕೆ ಒಂದು ವಾರ ಮುಂಚೆ ಕುಲ್ಸುಮಬಿ ಕೊಳ್ಳದೊಳಗೆ ಗುಡುಗುಡು ಸದ್ದು ಕೇಳಿ "ಹಳ್ಳ ಬಂತು!" ಎಂದು ಕೂಗಿದ್ದಾರೆ. ನಾಲ್ವರೂ ಹೊರೆ ಬಿಟ್ಟು, ಮೊಣಕಾಲು ತರಚಿಕೊಂಡು ಮೇಲೆ ಹತ್ತಿದ್ದಾರೆ. ನೋಡಿದರೆ ಹಳಿಯ ಮೇಲೆ ಗೂಡ್ಸ್ ಗಾಡಿ. ಅಂದಿನಿಂದ ಅವರಿಗೆ ಮರಿಯವ್ವ ಇಟ್ಟ ಹೆಸರು 'ಗೂಡ್ಸ್ ಕುಲ್ಸುಮಾ.' ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಗಿರಣಿಯ ಮುಂದೆ ಇಡೀ ವಾರ ಅದೇ ನಗೆ. ಹುಡುಗರು ಅವರನ್ನು ಕಂಡರೆ ಸೀಟಿ ಹೊಡೆಯುತ್ತಿದ್ದರಂತೆ.

ಮುಂದಿನ ವಾರ ಮತ್ತೆ ಇಳಿದರು. ಆಕಾಶ ತಿಳಿಯಾಗಿತ್ತು. ಹೊತ್ತೇರುವ ಹೊತ್ತಿಗೆ ಕಾಲ ಕೆಳಗಿನ ನೀರಿನ ಬಣ್ಣ ಬದಲಾಯಿತು. ತುಸು ಕೆಂಪು. ಮೇಲೆ ತರಗೆಲೆ, ಕಸಕಡ್ಡಿ ತೇಲಿ ಬರುತ್ತಿತ್ತು.

"ನಾ ನೋಡಿದ್ನಿರಿ," ಎನ್ನುತ್ತಾರೆ ಜೈತೂನಬಿ. "ಬಾಯಿತನಾ ಬಂತು ಮಾತು. ಹೇಳಿ ಅದು ಸುಳ್ಳ ಆದ್ರ? ನನಗೇನ್ ಹೆಸರ ಇಡತಾಳೋ ಇಕಿ ಅಂತ ನುಂಗಿಕೊಂಡೆ. ಮ್ಯಾಲೆ ಎಲ್ಲೋ ಎಮ್ಮಿ ನೀರಿಗೆ ಇಳದಿರಬೇಕು ಅಂತ ನನಗ ನಾನ ಸಮಾಧಾನ ಹೇಳ್ಕೊಂಡೆ."

ಆಮೇಲೆ ಕೇಳಿದ್ದು ಗೂಡ್ಸ್ ಗಾಡಿಯ ಸದ್ದಲ್ಲ. ತಿರುವಿನಿಂದ ಮಣ್ಣು, ಕೊರಡು, ಕಲ್ಲು ಎಲ್ಲ ಹೊತ್ತ ನೀರು ಎದೆಯೆತ್ತರ ನುಗ್ಗಿ ಬಂತು. ಗುತ್ತೆವ್ವ ಗಟ್ಟಿ ಆಳು. ಅತ್ತಿಮರದ ಬೇರು ಹಿಡಿದು, ಗೋಡೆಯ ನಡುವೆ ಚಾಚಿಕೊಂಡಿದ್ದ ಕಲ್ಲಿನ ಮೇಲೆ ಹತ್ತಿದರು, ಕುಲ್ಸುಮಬಿಯನ್ನು ಎಳೆದುಕೊಂಡರು. ಜೈತೂನಬಿಯ ಎಡಗಾಲು ಕೊರಡು, ಕಲ್ಲುಗಳ ನಡುವೆ ಸಿಕ್ಕಿತ್ತು. ಗುತ್ತೆವ್ವ ಬಗ್ಗಿ ಅವರ ಜಡೆ ಹಿಡಿದರು. ಕುಲ್ಸುಮಬಿ ಹೊರೆಯ ಹಗ್ಗ ಕಂಕುಳಿಗೆ ಸುತ್ತಿದರು. ಇಬ್ಬರೂ ಸೇರಿ ಎಳೆದಾಗ ಕಾಲಿನ ಎಲುಬು ಲಟಕ್ ಎಂದದ್ದು ಅಷ್ಟು ನೀರಿನ ಸದ್ದಿನಲ್ಲೂ ಮೂವರಿಗೂ ಕೇಳಿಸಿತಂತೆ. ಆದರೆ ಜೀವ ಉಳಿಯಿತು.

ಮರಿಯವ್ವ ಕೆಳಗಿನ ತಿರುವಿನಲ್ಲಿದ್ದರು. ತಲೆಯ ಮೇಲೆ ಹೊರೆ ಇತ್ತು. ಮೂವರೂ ಕೂಗಿದರು. ಅವರು ತಿರುಗಿ ನೋಡಿದರು. ಅಷ್ಟೇ. ಮೂರನೆಯ ದಿನ ಎರಡು ಹರದಾರಿ ಕೆಳಗೆ, ಯಾರದೋ ಜೋಳದ ಹೊಲದ ಬದುವಿನಲ್ಲಿ ಸಿಕ್ಕರು.

ಆದರೂ ನನ್ನನ್ನು ಹೆಚ್ಚು ಕಲಕಿದ್ದು ಇದಲ್ಲ, ಆಮೇಲಿನದು. ನೀರು ಇಳಿಯುವವರೆಗೆ ಮೂವರೂ ಆ ಕಲ್ಲಿನ ಮೇಲೆ, ಒಂದೇ ಹಗ್ಗ ಸುತ್ತಿಕೊಂಡು, ಒಬ್ಬರಿಗೊಬ್ಬರು ಅಂಟಿ ಕೂತಿದ್ದರು. ಕೊನೆಗೆ ಕುಲ್ಸುಮಬಿ ಹೇಳಿದರಂತೆ: "ನೀರ ಕೆಂಪಾಗಿತ್ತು. ನಾ ನೋಡಿದ್ದೆ." ಗುತ್ತೆವ್ವ ಹೇಳಿದರು: "ನಾನೂ ನೋಡಿದ್ದೆ." ಜೈತೂನಬಿ ಅದನ್ನೇ ಹೇಳಿದರು. ಮೂವರೂ ನೋಡಿದ್ದರು. ಮೂವರೂ ನಗೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದರು.

"ಮರಿಯವ್ವನೂ ನೋಡಿದ್ಲೋ ಏನೋ," ಎನ್ನುತ್ತಾರೆ ಜೈತೂನಬಿ. "ಕೇಳಬೇಕಂದ್ರ ಆಕಿ ಇಲ್ಲ. ಆಕಿ ಮ್ಯಾಲೆ ತಪ್ಪ ಹಾಕಬ್ಯಾಡ್ರಿ ಮತ್ತ. ಹೆಸರ ಇಟ್ಟಾಕಿ ಆಕಿ ಖರೇ. ಹಲ್ಲ ಕಿಸದು ನಕ್ಕವರು ನಾವಲ್ಲೇನ್ರಿ?"

ಮರಿಯವ್ವನ ದಿನಕಾರ್ಯ ಮುಗಿದ ಮೇಲೆ ಗುತ್ತೆವ್ವನ ಪಡಸಾಲೆಯಲ್ಲಿ ಮೂವರೂ ಕೂತು ಮಾಡಿಕೊಂಡ ಕಟ್ಟಳೆ ಇಂದಿಗೂ ನಡೆದಿದೆ. ಕೊಳ್ಳಕ್ಕೆ ಇಳಿದಾಗ ಒಬ್ಬರು ಮೇಲೆ ಕೂರಬೇಕು. ಕೂತವರು ಗರಿ ಮುಟ್ಟಬಾರದು, ನೋಡುತ್ತಲೇ ಇರಬೇಕು. ಡಬ್ಬಿ ಸದ್ದಾದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಎಲ್ಲರೂ ಹತ್ತಬೇಕು. ಯಾಕೆ ಬಡಿದೆ ಎಂದು ಕೇಳಬಾರದು. ಸಂಜೆ ಗರಿ ಹಂಚುವಾಗ ಮೇಲೆ ಕೂತವಳಿಗೂ ಸಮಪಾಲು.

ಕುಲ್ಸುಮಬಿ ಈಗ ಕರ್ಜಗಿಯಲ್ಲಿ ಮಗಳ ಮನೆ ಸೇರಿದ್ದಾರೆ, ನೀರಿನ ಕಡೆ ಹೋಗುವುದಿಲ್ಲ. ಜೈತೂನಬಿಯ ಕಾಲು ಅಡ್ಡಾದಿಡ್ಡಿ ಕೂಡಿಕೊಂಡಿತು. ಹಾಗಾಗಿ ಬಂಡೆ ಅವರ ಪಾಲಿಗೆ ಬಂತು. ಗಂಡ ದಾದಾಸಾಬ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವರು, ಬೆನ್ನು ಹಿಡಿದು ನಾಲ್ಕು ವರ್ಷದಿಂದ ಮನೆಯಲ್ಲಿದ್ದಾರೆ. ಪಾಲಿಗೆ ಬಂದ ಗರಿಯನ್ನು ಇಬ್ಬರೂ ಸೇರಿ ಸೀಳಿ, ಬಡಿದು, ದಿನಕ್ಕೆ ಹದಿನೈದಿಪ್ಪತ್ತು ಕಸಬರಿಗೆ ಕಟ್ಟುತ್ತಾರೆ. ಮನೆ ನಡೆಯುವುದು ಅದರ ಮೇಲೆಯೇ.

ಈ ಸಲ ಆ ಪಾಲಿಗೇ ಕುತ್ತು ಬಂದಿದೆ. ಗುತ್ತೆವ್ವನೊಬ್ಬರನ್ನು ಬಿಟ್ಟು ತಂಡದ ಉಳಿದವರೆಲ್ಲ ಹೊಸಬರು, ಆ ದಿನವನ್ನು ಕಂಡವರಲ್ಲ. ಹತ್ತು ವರ್ಷದಲ್ಲಿ ಡಬ್ಬಿ ಬಡಿದ ಮೇಲೆ ಹಳ್ಳ ನಿಜವಾಗಿ ಬಂದದ್ದು ಎರಡೇ ಸಲ. ಉಳಿದದ್ದೆಲ್ಲ ಸುಳ್ಳು. "ಕುಂತಾಕಿಗೆ ಯಾಕ ಪಾಲು?" ಎಂಬ ಗುಸುಗುಸು ಎದ್ದಿದೆ. ಪಾಲು ತಪ್ಪಿದರೆ ಜೈತೂನಬಿ ಬೇರೆ ಕೂಲಿ ಹುಡುಕಬೇಕು. ಆಗ ಐವರೂ ಮೇಲೆ ಕಾಯುವ ಕಣ್ಣಿಲ್ಲದೆ ಕೊಳ್ಳಕ್ಕೆ ಇಳಿಯಬೇಕು.

ನಾನು ಹೋದ ದಿನವೇ ಆ ಗುಸುಗುಸು ಬಯಲಿಗೆ ಬಂತು. ಇನ್ನೂ ಊಟದ ಹೊತ್ತಾಗಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಕರಿ ಮೋಡ ನಿಂತಿತು. ನನಗೆ ಅದರಲ್ಲಿ ಅಂಥದ್ದೇನೂ ಕಾಣಲಿಲ್ಲ. ಜೈತೂನಬಿ ಎದ್ದು ಡಬ್ಬಿ ಬಡಿಯತೊಡಗಿದರು. ಐವರೂ ಏದುಸಿರು ಬಿಡುತ್ತ ಮೇಲೆ ಬಂದರು. ಕಾದೆವು. ಮೋಡ ಆಚೆ ಸರಿಯಿತು, ಕೊಳ್ಳದ ನೀರು ಇದ್ದ ಹಾಗೇ ಹರಿಯಿತು. ಅಷ್ಟರಲ್ಲಿ ಬಿಸಿಲು ಏರಿ, ಆ ದಿನದ ಕೊಯ್ಲು ಅರ್ಧಕ್ಕೇ ನಿಂತಿತು.

ಪಾಲು ಹಾಕುವಾಗ ಗುತ್ತೆವ್ವನ ಸೊಸೆ ಮಂಗಳವ್ವ ತಡೆಯಲಾರದೆ ಆಡಿಯೇಬಿಟ್ಟಳು. ಮದುವೆಯಾಗಿ ವರ್ಷ ತುಂಬಿಲ್ಲ, ಚುರುಕು ಹುಡುಗಿ. "ಇವರ ಡಬ್ಬಿಯಿಂದ ನಮ್ಮ ಅರ್ಧಾ ದಿನಾ ಹಾಳಾತು. ಮತ್ತ ಇವರಿಗೇ ಪಾಲು. ಚಲೋ ಐತಿ ನ್ಯಾಯ!"

"ಬಾಯಿ ಮುಚ್ಚು!" ಎಂದರು ಗುತ್ತೆವ್ವ. ಕಾಲು ಮುರಿದವಳ ಮೇಲೆ ಕನಿಕರ ಇರಲೆಂದು ಇನ್ನೊಬ್ಬಾಕೆ ಸಮಾಧಾನ ಹೇಳಲು ಬಂದರು. ಜೈತೂನಬಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆಗಲೇ, ಮಂಗಳವ್ವನ ಮಾತಿಗಲ್ಲ, ಈ ಮಾತಿಗೆ.

"ಕನಿಕರದ ಪಾಲು ನನಗ ಬ್ಯಾಡ ಬೇ. ನನ್ನ ಕಾಲು ನೆಟ್ಟಗ ಇದ್ದಿದ್ರೂ ಯಾರರ ಒಬ್ರು ಇಲ್ಲಿ ಕುಂದ್ರಬೇಕಿತ್ತು." ಆಮೇಲೆ ಮಂಗಳವ್ವನ ಕಡೆ ತಿರುಗಿ ಮೆತ್ತಗೆ, "ನಾಳೆ ನೀ ಕುಂದ್ರವಾ. ನಾ ಬಾಜೂಕ ಇರತೇನಿ. ಆದ್ರ ನಾ ಬಾಯಿ ತಗಿಯಂಗಿಲ್ಲ," ಎಂದರು.

ಇದನ್ನು ನೋಡದೆ ಹೇಗೆ ಹೋಗಲಿ? ರಾಣೆಬೆನ್ನೂರಿನಲ್ಲಿ ವಸತಿ ಮಾಡಿ, ಮರುದಿನ ಬೆಳಿಗ್ಗೆ ಮತ್ತೆ ಬಂದೆ.

ಮಂಗಳವ್ವ ಹಬ್ಬಕ್ಕೆ ಬಂದವಳಂತೆ ಬಂಡೆ ಹತ್ತಿ ಕೂತಳು. ಮೊದಮೊದಲು ನನ್ನೊಡನೆ ಹರಟೆ. ತನ್ನ ತವರು ಹೊಸರಿತ್ತಿ ಎಂದಳು, ತಾನು ಏಳನೆಯವರೆಗೆ ಓದಿದ್ದೇನೆ ಎಂದಳು. ಹೊತ್ತೇರಿದಂತೆ ಮಾತು ಕಡಿಮೆಯಾಯಿತು. ಗಾಳಿ ತಿರುಗಿದರೆ ತಲೆ ಎತ್ತುತ್ತಾಳೆ. ಕೊಕ್ಕರೆ ಹಾರಿದರೆ ಬೆಚ್ಚುತ್ತಾಳೆ. ಕೆಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿದರೆ ಬಗ್ಗಿ ನೋಡುತ್ತಾಳೆ. ಜೈತೂನಬಿ ಪಕ್ಕದಲ್ಲಿ ಮನೆಯಿಂದ ತಂದ ನಿನ್ನೆಯ ಗರಿ ಸೀಳುತ್ತ ಕೂತಿದ್ದಾರೆ, ತುಟಿ ಬಿಚ್ಚುತ್ತಿಲ್ಲ.

"ಜೈತೂನಾ ಅತ್ತಿ, ಅಲ್ಲಿ ಕರ್ರಗ ಕಾಣತೈತಲ್ಲ, ಅದು ಮಳಿ ಏನು?"

ಜೈತೂನಬಿ ಇನ್ನೊಂದು ಗರಿ ಎತ್ತಿಕೊಂಡರು.

"ಹೇಳ ಬೇ! ನಮ್ಮತ್ತಿ ಕೆಳಗ ಅದಾಳ!"

ಜೈತೂನಬಿ ಗರಿ ಸೀಳುವುದನ್ನು ನಿಲ್ಲಿಸಿದರು. ಮಂಗಳವ್ವ ಒಂದು ಗಳಿಗೆ ಆ ಗುಡ್ಡವನ್ನು ನೋಡಿದಳು, ಈ ಕೊಳ್ಳವನ್ನು ನೋಡಿದಳು. ಆಮೇಲೆ ಡಬ್ಬಿ ಎತ್ತಿಕೊಂಡು ಬಡಿದಳು ನೋಡಿ, ಜೈತೂನಬಿ ಎಂದೂ ಹಾಗೆ ಬಡಿದಿರಲಾರರು. ನಾಲ್ವರೂ ಮೇಲೆ ಬಂದು ನಿಂತ ಮೇಲೂ ಬಡಿಯುತ್ತಲೇ ಇದ್ದಳು. ಗುತ್ತೆವ್ವ ಹೋಗಿ ಕೈ ಹಿಡಿಯಬೇಕಾಯಿತು.

ಹಳ್ಳ ಬರಲಿಲ್ಲ. ಕರ್ರಗೆ ಕಂಡದ್ದು ಯಾರೋ ಗುಡ್ಡದ ಹುಲ್ಲಿಗೆ ಇಟ್ಟ ಬೆಂಕಿಯ ಹೊಗೆ. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮಂಗಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಸಂಜೆ ಗರಿ ಹಂಚಲು ಅವಳೇ ಕೂತಳು. ಜೈತೂನಬಿಯ ಪಾಲನ್ನು ಎಲ್ಲರಿಗಿಂತ ಮೊದಲು ತೆಗೆದು ಅವರ ಮುಂದಿಟ್ಟಳು.

ಹಳಿಯ ಪಕ್ಕದಲ್ಲಿ ಅವರ ನಡಿಗೆಗೆ ನಡಿಗೆ ಸೇರಿಸಿ ಹೋಗುತ್ತ, ಇಂಥ ಲೇಖನಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. ನಿಮಗೆ ಏನಾದರೂ ಆಸೆ ಇದೆಯೇ? ಮನೆ, ಪಿಂಚಣಿ, ಕಾಲಿಗೆ ಔಷಧ ಎಂದು ಏನಾದರೂ ಹೇಳುತ್ತಾರೆಂದುಕೊಂಡಿದ್ದೆ. ಜೈತೂನಬಿ ಮುಂದೆ ಹೋಗುತ್ತಿದ್ದ ಐವರನ್ನು ನೋಡಿದರು. ಮಂಗಳವ್ವನನ್ನು ಛೇಡಿಸುವುದು ಉಳಿದವರಿಗೆ ಇನ್ನೂ ಮುಗಿದಿರಲಿಲ್ಲ.

"ನಾ ಇರೋತನಾ ನಾ ಬಡದದ್ದೆಲ್ಲಾ ಸುಳ್ಳ ಆಗ್ಲಿರಿ," ಎಂದರು. "ಮಂದಿ ನಗಲಿ. ನಗಬೇಕಂದ್ರ ಎಲ್ಲಾರೂ ಮ್ಯಾಲೆ ಬಂದಿರಬೇಕಲ್ಲ."