ಸೊಂಡಿಲಿಲ್ಲದ ಆನೆಬಂಡೆ

ಬಂದರಿನ ಹಸಿರು ಬಣ್ಣದ ಟಿಕೆಟ್ ಕಿಟಕಿಯಲ್ಲಿ ಕೂರುವ ಹೆಂಗಸಿಗೆ ಊರೆಲ್ಲ ಟಿಕೆಟ್ ಅಕ್ಕ ಎಂದೇ ಹೆಸರು. ಗಂಡ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಬಂಡೆಗಳ ಸುತ್ತ ತಿರುಗಿಸಿ ತರುತ್ತಿದ್ದ, ಇವಳು ಟಿಕೆಟ್ ಹರಿದು ಕೊಡುತ್ತಿದ್ದಳು. ಟಿಕೆಟ್ ಹರಿಯುವುದು ಎಷ್ಟು ಹೊತ್ತಿನ ಕೆಲಸ? ಉಳಿದ ಹೊತ್ತೆಲ್ಲ ಮಾತು.

"ಒಂದೇ ದಿನಕ್ಕೆ ಬಂದ್ರಾ? ಅಯ್ಯೋ, ಈ ಕಡಲಿಗೆ ಒಂದು ದಿನ ಎಲ್ಲಿ ಸಾಲುತ್ರೀ? ಬಂದಿದ್ದೀರಲ್ಲ, ಕೇಳಿ. ಮೊದಲು ಲೈಟ್‌ಹೌಸ್ ಹತ್ತಿ. ಮೆಟ್ಟಿಲು ಕಿರಿದು, ಎದುರಿಗೆ ದಪ್ಪಗಿರೋರು ಇಳೀತಿದ್ರೆ ನೀವೇ ವಾಪಸ್ ಇಳೀಬೇಕು, ಬೇಜಾರು ಮಾಡ್ಕೋಬೇಡಿ. ಆಮೇಲೆ ಬಂಡೆ ಅಂಚಿನ ಕಾಲುದಾರಿ ಹಿಡೀರಿ. ಟೋಪಿ ತಲೆ ಮೇಲಿಡಬೇಡಿ, ಕೈಯಲ್ಲಿ ಹಿಡ್ಕೊಳ್ಳಿ. ಇಲ್ಲಿನ ಗಾಳಿ ಕೇಳಿ ತಗೊಳ್ಳಲ್ಲ. ನೀರು ಇಳಿದ ಮೇಲೆ ಬಂಡೆ ಸಂದೀಲಿ ನಕ್ಷತ್ರಮೀನು ಕಾಣುತ್ತೆ, ನೋಡಿ, ಮುಟ್ಟಬೇಡಿ. ಮಧ್ಯಾಹ್ನ ನಮ್ಮ ದೋಣಿ."

ದೋಣಿಯ ಮಾತು ಬಂತೆಂದರೆ ಅಕ್ಕನಿಗೆ ರೆಕ್ಕೆ ಮೂಡುತ್ತಿತ್ತು. ಶಿಳ್ಳೆ ಹಾಕುವ ಗವಿ, ಹಕ್ಕಿಗಳೇ ತುಂಬಿದ ಬಂಡೆ, ಎಲ್ಲಕ್ಕಿಂತ ಹೆಚ್ಚಾಗಿ ಆನೆಬಂಡೆ. "ಸಾಕ್ಷಾತ್ ಆನೆ! ಸೊಂಡಿಲು ಇಳಿಬಿಟ್ಟು ಸಮುದ್ರ ಕುಡೀತಾ ನಿಂತಿದೆ. ಆ ಸೊಂಡಿಲಿನ ಕೆಳಗೇ ದೋಣಿ ನುಗ್ಗುತ್ತೆ. ತಲೆ ಎತ್ತಿ ನೋಡಿ, ಜನ್ಮ ಸಾರ್ಥಕ!" ಎನ್ನುತ್ತ ಬಲಗೈಯನ್ನೇ ಸೊಂಡಿಲು ಮಾಡಿ ಕಿಟಕಿಯಿಂದ ಹೊರಗೆ ಇಳಿಬಿಡುತ್ತಿದ್ದಳು. ಸುಮ್ಮನೆ ವಿಚಾರಿಸಲು ಬಂದವರೂ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದರು.

ಅವಳು ಮಾತ್ರ ಇದರಲ್ಲಿ ಒಂದನ್ನೂ ಕಣ್ಣಾರೆ ಕಂಡವಳಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಪ್ರೀತಿಯಿಂದ ದೋಣಿ ಹತ್ತಿಸಿದ್ದ. ಬಂದರಿನ ಬಾಯಿ ದಾಟುವ ಮೊದಲೇ ಅವಳು ಬೆಳಗಿನ ತಿಂಡಿಯನ್ನೆಲ್ಲ ಅವನ ಹೊಸ ಅಂಗಿಯ ಮೇಲೆ ಕಕ್ಕಿ, "ಇನ್ನು ಸತ್ತರೂ ಹತ್ತಲ್ಲ" ಎಂದು ಆಣೆ ಹಾಕಿದಳು. ಅಂದಿನಿಂದ ಗಂಡ ಸಂಜೆ ಬಂದು ಹೇಳಿದ ತುಂಡು ಮಾತುಗಳೇ ಅವಳ ಬಂಡವಾಳ. ಅವನೋ ಮಹಾ ಮೌನಿ. "ಆನೆ ಥರ ಒಂದು ಬಂಡೆ ಇದೆ, ಸೊಂಡಿಲ ಕೆಳಗೆ ದೋಣಿ ಹೋಗುತ್ತೆ" ಎಂದು ಅವನು ಹೇಳಿದ್ದು ಅಷ್ಟೇ. ಕಣ್ಣು, ಕಿವಿ, ಬಾಯಾರಿಕೆ ಎಲ್ಲ ಇವಳು ಕೊಟ್ಟದ್ದು.

ಹೀಗೆ ಸುಖವಾಗಿ ನಡೆದಿದ್ದಾಗ ಒಂದು ಮಧ್ಯಾಹ್ನ ಕೊಡೆ ಹಿಡಿದ ಹೆಂಗಸೊಬ್ಬಳು ದೋಣಿಯಿಂದ ಇಳಿದವಳೇ ದಡದಡನೆ ಕಿಟಕಿಗೆ ಬಂದಳು.

"ಏನ್ರೀ, ಸೊಂಡಿಲು ಎಲ್ಲಿ? ನಾನೂ ಕತ್ತು ನೋಯೋವರೆಗೂ ನೋಡ್ದೆ. ಒಂದು ಗುಂಡು ಬಂಡೆ ತೋರ್ಸಿ ಆನೆ ಅಂತಾರೆ! ಸುಳ್ಳು ಹೇಳಿ ಟಿಕೆಟ್ ಮಾರ್ತೀರಾ? ನೀವೇನು ಕಣ್ಣಲ್ಲಿ ನೋಡಿದ್ದೀರಾ?"

ಹರಟೆಮಲ್ಲಿ ಎಂದು ಅಕ್ಕನನ್ನು ಕರೆದವರಿದ್ದರು, ಬಾಯಿಬಡುಕಿ ಎಂದವರೂ ಇದ್ದರು. ಸುಳ್ಳಿ ಎಂದವರು ಯಾರೂ ಇರಲಿಲ್ಲ. ಕೊಡೆಯ ಹೆಂಗಸು ಹೋದ ಮೇಲೂ ಆ ಮಾತು ಹೋಗಲಿಲ್ಲ. ಮುಂದಿನ ಗಿರಾಕಿ "ದೋಣೀಲಿ ಏನೇನು ನೋಡಬಹುದು?" ಎಂದಾಗ ಅಕ್ಕ ಟಿಕೆಟ್ ಕೊಟ್ಟು, "ನೀರು" ಎಂದಳು.

ಸಂಜೆ ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು. ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಅವರು ಕೊಡೆ ಬಿಚ್ಕೊಂಡು ಕೂತಿದ್ರು ಕಣೇ. ಕೊಡೆ ಅಡ್ಡ ಇದ್ರೆ ಸೊಂಡಿಲು ಹೇಗೆ ಕಾಣುತ್ತೆ? ಅಲೇನೂ ಜೋರಾಗಿತ್ತು. ಬಿಸಿಲು ಬೇರೆ ಕಣ್ಣಿಗೆ ಹೊಡೀತಿತ್ತು."

"ಹ್ಞೂಂ" ಎಂಬ ಒಂದೇ ಮಾತಿನಲ್ಲಿ ಸಂಸಾರ ಮಾಡಿದ ಮನುಷ್ಯ ಒಂದೇ ಉಸಿರಿಗೆ ಇಷ್ಟು ಮಾತಾಡಿದರೆ ಯಾವ ಹೆಂಡತಿ ನಂಬುತ್ತಾಳೆ?

"ನನ್ನ ಕಿವಿ ಮೇಲೆ ಹೂವಿಡಬೇಡಿ. ನಾಳೆ ನಾನೇ ದೋಣಿ ಹತ್ತಿ ನೋಡ್ತೀನಿ. ನಾನು ಸುಳ್ಳಿಯೋ ಅಲ್ವೋ ಅದು ಗೊತ್ತಾಗದೆ ಆ ಕಿಟಕೀಲಿ ಇನ್ನು ಕೂರಲ್ಲ."

ಗಂಡನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ಮಾರನೆಯ ದಿನ ಕಿಟಕಿಯಲ್ಲಿ ನಾದಿನಿ ಕೂತಳು. "ಅತ್ತಿಗೆ, ಹೊಟ್ಟೆ ತೊಳೆಸಿದ್ರೆ ಇದನ್ನ ಮೂಸ್ತಾ ಇರಿ" ಎಂದು ನಿಂಬೆಹಣ್ಣು ಕೊಟ್ಟಳು. ಅಕ್ಕ ಸೆರಗು ಬಿಗಿದು, ದೇವರನ್ನು ನೆನೆದು, ಎಂಜಿನ್ನಿನ ಪಕ್ಕದಲ್ಲೇ ಗಂಡನಿಗೆ ಅಂಟಿಕೊಂಡ ಹಾಗೆ ಕೂತಳು.

ಬಂದರಿನ ಬಾಯಿ ದಾಟಿದ್ದೇ ತಡ, ಗಂಡ ಎದ್ದು ನಿಂತು ಬಾಯಿ ಬಿಟ್ಟ. "ನೋಡಿ ಸ್ವಾಮಿ, ಎಡಗಡೆ ನೋಡಿ! ಈ ಗವಿಗೆ ಕಡಲೇ ಗುರು. ಅಲೆ ಒಳಗೆ ಹೋದ್ರೆ ಪಾಠ, ಹೊರಗೆ ಬಂದ್ರೆ ಶಿಳ್ಳೆ!" ಅಕ್ಕ ಕಣ್ಣರಳಿಸಿ ಗಂಡನನ್ನೇ ನೋಡಿದಳು. ಮನೆಯಲ್ಲಿ ಉಪ್ಪು ಬೇಕಾದರೂ ಬೆರಳು ತೋರಿಸುವ ಆಸಾಮಿ! ಅದೂ ಯಾರ ಮಾತು ಇದು? ಅವಳದೇ. ಕಿಟಕಿಯಲ್ಲಿ ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಾನೆ. ಅಷ್ಟರಲ್ಲಿ ಗವಿ ನಿಜಕ್ಕೂ ಶಿಳ್ಳೆ ಹಾಕಿತು. ಅವಳು ಮಗುವಿನ ಹಾಗೆ ಚಪ್ಪಾಳೆ ತಟ್ಟಿಬಿಟ್ಟಳು. ಹಕ್ಕಿಬಂಡೆಯೂ ಹೇಳಿದ ಹಾಗೇ ಇತ್ತು. ಅದರ ವಾಸನೆಯನ್ನು ಮಾತ್ರ ಗಂಡ ಯಾವತ್ತೂ ಹೇಳಿರಲಿಲ್ಲ. ಸದ್ಯ, ಎರಡೂ ಸುಳ್ಳಲ್ಲ ಎಂದು ಅವಳ ಜೀವಕ್ಕೆ ಸಮಾಧಾನವಾಯಿತು.

ಆಮೇಲೆ ಆನೆಬಂಡೆ ಬಂತು. ಬೆನ್ನಿತ್ತು, ಹಣೆಯಿತ್ತು, ಕಿವಿ ಎಂದರೆ ಕಿವಿಯೂ ಇತ್ತು. ಹಣೆಯ ಕೆಳಗೆ ಮೊಂಡು ಕಲ್ಲು, ಅದರ ಕೆಳಗೆ ಬರಿ ಗಾಳಿ.

"ಆನೆ ನೀರು ಕುಡಿದು ಮುಗಿಸಿ ಸೊಂಡಿಲು ಮಡಚಿಟ್ಕೊಂಡಿದೆ ಸ್ವಾಮಿ" ಎಂದ ಗಂಡ. ಜನ ನಕ್ಕರು. ಅಕ್ಕ ನಗಲಿಲ್ಲ.

"ಯಾವಾಗ ಬಿತ್ತು?"

"ಆ ದೊಡ್ಡ ಬಿರುಗಾಳಿ ಬಂತಲ್ಲ, ಆವಾಗ."

"ಅದು ಹೋದ ವರ್ಷದ ಮಾತೂ ಅಲ್ಲ, ಅದರ ಹಿಂದಿನ ವರ್ಷದ್ದು! ಅಲ್ಲಿಂದ ಇಲ್ಲೀವರೆಗೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಾ? ನಿಮ್ಮನ್ನ ನಂಬಿ ಊರಿಗೆಲ್ಲ ಸೊಂಡಿಲು ತೋರಿಸ್ದೆನಲ್ಲ ನಾನು! ನಾಚಿಕೆ ಆಗಲ್ವಾ ನಿಮಗೆ?"

ಅವಳ ಕಣ್ಣು ತುಂಬಿತು. ದೋಣಿಯಲ್ಲಿದ್ದವರು ಬಂಡೆಯನ್ನು ಬಿಟ್ಟು ಇವರಿಬ್ಬರನ್ನೇ ನೋಡತೊಡಗಿದರು. ಗಂಡ ಎಂಜಿನ್ ಸಣ್ಣ ಮಾಡಿ, ಮನೆಯ ದನಿಯಲ್ಲಿ ಹೇಳಿದ: "ಅವತ್ತೇ ಹೇಳೋಣ ಅಂತ ಬಂದೆ ಕಣೇ. ನೀನು ಯಾರಿಗೋ ಕೈ ಇಳಿಬಿಟ್ಟು ಆನೆ ತೋರಿಸ್ತಿದ್ದೆ. ನಾನು ಕಂಡ ಆನೆಗಿಂತ ಅದೇ ಚೆನ್ನಾಗಿತ್ತು. ಬಾಯಿ ಬರಲಿಲ್ಲ. ತಪ್ಪಾಯ್ತು."

ಅಕ್ಕ ಮುಖ ತಿರುಗಿಸಿದಳು. ಸಿಟ್ಟಿನಲ್ಲಿ ಹೊಟ್ಟೆ ತೊಳೆಸುವುದೂ ಮರೆತುಹೋಗಿತ್ತು. ನಿಂಬೆಹಣ್ಣು ಮಡಿಲಲ್ಲಿ ಹಾಗೇ ಇತ್ತು.

ಬಂದರು ಹತ್ತಿರವಾಯಿತು. ಗಂಡ ಅಭ್ಯಾಸಬಲದಿಂದ ಮತ್ತೆ ಎದ್ದು ಕೈ ಚಾಚಿದ. "ಕೊನೇದಾಗಿ, ಆ ಹಸಿರು ಕಿಟಕಿ ನೋಡಿ ಸ್ವಾಮಿ. ನಾನು ದಿನಾ ಈ ಬಂಡೆಗಳ ಮಧ್ಯೆ ಓಡಾಡ್ತಿದ್ದೆ, ಕಲ್ಲು ಅಂದ್ಕೊಂಡಿದ್ದೆ. ಇದು ನೋಡೋ ಅಂಥದ್ದು ಅಂತ ನನಗೆ ತೋರಿಸಿಕೊಟ್ಟೋಳು ಅಲ್ಲಿ ಕೂತಿದ್ದಾಳೆ. ನನ್ನ ಹೆಂಡತಿ. ಒಂದ್ಸಲ ಕೈ ಬೀಸಿ."

ಜನ ಕೈ ಬೀಸಿದರು. ಕಿಟಕಿಯಲ್ಲಿ ಆಕಳಿಸುತ್ತಿದ್ದ ನಾದಿನಿ ಬೆಚ್ಚಿಬಿದ್ದು ಎರಡೂ ಕೈ ಬೀಸಿದಳು. ಗಂಡನಿಗೆ ಆಗ ಅರಿವಾಯಿತು. ಕಿವಿಯವರೆಗೂ ಕೆಂಪಾಗಿ, ಪಕ್ಕದಲ್ಲಿದ್ದವಳ ಕಡೆ ನೋಡದೆ ಕುಕ್ಕರಿಸಿದ. ದೋಣಿಗೆ ದೋಣಿಯೇ ಹೋ ಎಂದು ನಕ್ಕಿತು.

ಅಕ್ಕ ನಗಲೂ ಇಲ್ಲ, ಅಳಲೂ ಇಲ್ಲ. ದೋಣಿ ಬಂದಾಗಲೆಲ್ಲ ಜನ ಕೈ ಬೀಸುತ್ತಿದ್ದರು. ದಡ ಕಂಡ ಖುಷಿಗೆ ಬೀಸುತ್ತಾರೆ ಎಂದುಕೊಂಡು ಅವಳೂ ಬೀಸುತ್ತಿದ್ದಳು, ಅಷ್ಟೇ. "ದಿನಾ ಹೇಳ್ತೀರಾ ಇದನ್ನ?" ಎಂದು ಮೆಲ್ಲಗೆ ಕೇಳಿದಳು.

"ಹ್ಞೂಂ" ಎಂದ.

ಇಳಿದು ಕಿಟಕಿಗೆ ಬರುವಷ್ಟರಲ್ಲಿ ಮುಂದಿನ ಗಿರಾಕಿಗಳು ನಿಂತಿದ್ದರು, ಗಂಡ ಹೆಂಡತಿ ಇಬ್ಬರು. "ಸೊಂಡಿಲು ಇಳಿಬಿಟ್ಟ ಆನೆ ಇದೆಯಂತಲ್ಲ?" ಎಂದು ಕೇಳಿದರು. ನಾದಿನಿ ಅತ್ತಿಗೆಯ ಮುಖ ನೋಡಿದಳು. ಕೆಳಗೆ ಹಗ್ಗ ಕಟ್ಟುತ್ತಿದ್ದ ಗಂಡನ ಕೈಯೂ ನಿಧಾನವಾಯಿತು.

"ಆನೆ ಇದೆ. ಸೊಂಡಿಲು ಇಲ್ಲ, ಬಿರುಗಾಳಿಗೆ ಬಿದ್ದುಹೋಯ್ತು" ಎಂದಳು ಅಕ್ಕ. "ನಾನೇ ಕಣ್ಣಾರೆ ನೋಡ್ಕೊಂಡು ಬಂದು ಹೇಳ್ತಿದ್ದೀನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಾಗಾದ್ರೆ ನೋಡೋಕೆ ಇನ್ನೇನಿದೆ?"

"ನೋಡೋದು ಹಾಗಿರಲಿ. ಅಲ್ಲಿ ಹಗ್ಗ ಕಟ್ತಿದ್ದಾರಲ್ಲ, ಆ ಮನುಷ್ಯ ದೋಣೀಲಿ ಮಾತಾಡ್ತಾರೆ. ಅದನ್ನ ಕೇಳೋಕಾದ್ರೂ ಹೋಗಿ. ಮನೇಲಿ ಅದು ಸಿಗಲ್ಲ."

ಇಬ್ಬರೂ ನಕ್ಕು ಹಣ ಕೊಟ್ಟರು. ಅಕ್ಕ ಎರಡು ಟಿಕೆಟ್ ಹರಿದು ಅವರಿಗೆ ಕೊಟ್ಟಳು. ಒಂದು ಗಳಿಗೆ ಯೋಚಿಸಿ ಇನ್ನೊಂದನ್ನೂ ಹರಿದಳು. "ನೀನು ಇನ್ನೊಂದು ಸ್ವಲ್ಪ ಹೊತ್ತು ಕೂತಿರೇ" ಎಂದು ನಾದಿನಿಗೆ ಹೇಳಿ, ಆ ಟಿಕೆಟ್ ಹಿಡಿದುಕೊಂಡು ಅವರ ಹಿಂದೆಯೇ ಮೆಟ್ಟಿಲಿಳಿದಳು.